ಅಮೆರಿಕದಲ್ಲಿ ಡ್ರಗ್ ಟೆಸ್ಟ್ ಸ್ಯಾಂಪಲ್ ಕಲೆಕ್ಟರ್ ಆಗಲು ಆನ್‌ಲೈನ್ ಸರ್ಟಿಫಿಕೇಟ್ ಒಂದೇ ಸಾಕೇ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ, ಈಗ ಟೆಕ್ಸಸ್‌ನಲ್ಲಿದ್ದೇನೆ, ವರ್ಕ್ ಪರ್ಮಿಟ್ ಬಂದಿದೆ. ಒಂದೇ ದಿನದಲ್ಲಿ ‘ಡಿಒಟಿ ಸರ್ಟಿಫೈಡ್ ಕಲೆಕ್ಟರ್’ ಮಾಡಿಸುತ್ತೇವೆ ಅನ್ನುವ ಆನ್‌ಲೈನ್ ಕೋರ್ಸ್ ನಂಬಬಹುದೇ? ಮುಂದೆ ಊರಿಗೆ ಬಂದರೆ ಅದಕ್ಕೆ ಬೆಲೆ ಇದೆಯೇ?

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಡಿಒಟಿ, ಅಂದರೆ ಅಮೆರಿಕದ ಸಾರಿಗೆ ಇಲಾಖೆ, ಯಾವ ಕಲೆಕ್ಟರ್‌ಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ಕೊಡುವ ಲೈಸೆನ್ಸ್ ಇಲ್ಲ, ಅದು ನಡೆಸುವ ಪರೀಕ್ಷೆಯೂ ಇಲ್ಲ. ಇರುವುದು ಚಾಲಕರಂಥ ಸಾರಿಗೆ ನೌಕರರ ಡ್ರಗ್ ಟೆಸ್ಟ್‌ಗೆ ಅದು ಮಾಡಿದ ಒಂದು ನಿಯಮಾವಳಿ: 49 ಸಿಎಫ್‌ಆರ್ ಭಾಗ 40. ಅದರ 40.33ನೇ ಕಲಮಿನಲ್ಲಿ ಹೇಳಿದ್ದನ್ನೆಲ್ಲ ನೀವು ಪೂರೈಸಿದ್ದೀರಿ ಅನ್ನುವುದಕ್ಕೆ ದಾಖಲೆ ನಿಮ್ಮ ಕೈಯಲ್ಲಿದ್ದರೆ ನೀವು ಅರ್ಹ ಕಲೆಕ್ಟರ್, ಇಲ್ಲದಿದ್ದರೆ ಗೋಡೆಗೆ ಎಷ್ಟು ಫ್ರೇಮ್ ಹಾಕಿಸಿದರೂ ಅಲ್ಲ. ಕೋರ್ಸ್‌ನವರು ಕೊಡುವ ಕಾಗದ ಆ ದಾಖಲೆಯ ಒಂದು ಭಾಗ ಮಾತ್ರ.

ವೈದ್ಯಕೀಯ ಡಿಗ್ರಿ, ರಕ್ತ ತೆಗೆಯುವ ತರಬೇತಿ ಇವೆಲ್ಲ ಬೇಕು ಅಂತ ಭಾಗ 40 ಕೇಳುವುದಿಲ್ಲ. ನಿಮ್ಮ ಲ್ಯಾಬ್ ಅನುಭವ ಉಪಯೋಗಕ್ಕೆ ಬರುತ್ತದೆ, ಆದರೆ ಅದರಿಂದ ಯಾವ ಹಂತದಲ್ಲೂ ವಿನಾಯಿತಿ ಇಲ್ಲ. ಎಚ್‌ಎಚ್‌ಎಸ್, ಅಂದರೆ ಅಮೆರಿಕದ ಆರೋಗ್ಯ ಇಲಾಖೆಯ, ಮಾನ್ಯತೆ ಪಡೆದ ಡ್ರಗ್ ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ, ಯಾವ ಸ್ಯಾಂಪಲ್ ಯಾರದು ಅಂತ ಜೋಡಿಸಿ ಹೇಳಬಲ್ಲ ಜಾಗದಲ್ಲಿದ್ದರೆ ಕಲೆಕ್ಟರ್ ಕೆಲಸ ಮಾಡುವಂತೆಯೇ ಇಲ್ಲ.

ಈಗ ಕ್ರಮ. ಭಾಗ 40 ಮತ್ತು ಇಲಾಖೆಯ ಮೂತ್ರ ಸಂಗ್ರಹ ಮಾರ್ಗಸೂಚಿ ಎರಡೂ ಉಚಿತವಾಗಿ ಸಿಗುತ್ತವೆ. ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲೇ ಓದಿ. ಡಿಒಟಿಯಲ್ಲಿ ಡ್ರಗ್, ಆಲ್ಕೋಹಾಲ್ ಪರೀಕ್ಷೆಯ ನಿಯಮ ನೋಡಿಕೊಳ್ಳುವ ಒಡಿಎಪಿಸಿ ಅನ್ನುವ ಕಚೇರಿಯ ಇಮೇಲ್ ಪಟ್ಟಿಗೆ ಹೆಸರು ಸೇರಿಸುವುದು ಕಡ್ಡಾಯ, ನಿಯಮ ಬದಲಾದಾಗ ಸುದ್ದಿ ಬರುವುದು ಅಲ್ಲಿಂದಲೇ. ಆಮೇಲೆ ಅರ್ಹತಾ ತರಬೇತಿ: ಸಂಗ್ರಹದ ಎಲ್ಲ ಹಂತಗಳು, ಫಾರ್ಮ್ ತುಂಬಿ ಕಳಿಸುವ ರೀತಿ, ತೊಂದರೆ ಬಂದ ಕಲೆಕ್ಷನ್‌ಗಳು, ಯಾವ ತಪ್ಪು ಸರಿಪಡಿಸಬಹುದು ಯಾವುದು ಆಗದು, ಡೋನರ್‌ನ, ಅಂದರೆ ಸ್ಯಾಂಪಲ್ ಕೊಡುವವರ, ಮರ್ಯಾದೆ ಮತ್ತು ಖಾಸಗಿತನ. ಈ ಭಾಗವನ್ನು ಆನ್‌ಲೈನ್‌ನಲ್ಲಿ ಮಾಡಬಹುದು, ತಪ್ಪಿಲ್ಲ.

ಆನ್‌ಲೈನ್ ಕೋರ್ಸ್‌ಗಳು ಕೈಕೊಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ಐದು ಅಣಕು ಕಲೆಕ್ಷನ್‌ಗಳನ್ನು ಒಂದರ ಹಿಂದೆ ಒಂದರಂತೆ, ಒಂದೂ ತಪ್ಪಿಲ್ಲದೆ ಮಾಡಿ ತೋರಿಸಬೇಕು. ಎರಡು ಸಾಮಾನ್ಯವಾದವು, ಒಂದರಲ್ಲಿ ಮೂತ್ರದ ಪ್ರಮಾಣ ಸಾಲದು, ಒಂದರಲ್ಲಿ ಉಷ್ಣಾಂಶ ಮಿತಿಯ ಹೊರಗೆ, ಇನ್ನೊಂದರಲ್ಲಿ ಡೋನರ್ ಫಾರ್ಮ್‌ಗೆ ಸಹಿ ಹಾಕಲು ಮತ್ತು ಬಾಟಲಿಯ ಸೀಲ್ ಮೇಲೆ ಇನಿಷಿಯಲ್ ಬರೆಯಲು ಒಪ್ಪುವುದಿಲ್ಲ. ನಾಲ್ಕನೆಯದರಲ್ಲಿ ಎಡವಿದರೆ ಮತ್ತೆ ಒಂದರಿಂದ ಶುರು. ಇದನ್ನು ನೋಡುವ ಮಾನಿಟರ್ ಎದುರಿಗೇ ಇರಬೇಕು, ಇಲ್ಲವೇ ಆ ಕ್ಷಣದಲ್ಲೇ ನೋಡುತ್ತ ಮಾತಾಡುವಂಥ ವಿಡಿಯೋ ಸಂಪರ್ಕದಲ್ಲಿರಬೇಕು. ನೀವು ರೆಕಾರ್ಡ್ ಮಾಡಿ ಕಳಿಸಿದ್ದು ನಡೆಯುವುದಿಲ್ಲ. ಮಾನಿಟರ್ ಆಗುವವರು ಕನಿಷ್ಠ ಒಂದು ವರ್ಷ ನಿಯಮಿತವಾಗಿ ಡಿಒಟಿ ಕಲೆಕ್ಷನ್ ಮಾಡಿರಬೇಕು, ಅಥವಾ ಒಂದು ವರ್ಷ ಈ ತರಬೇತಿ ಕೊಟ್ಟಿರಬೇಕು, ಅಥವಾ ತರಬೇತುದಾರರ ಕೋರ್ಸ್ ಮುಗಿಸಿರಬೇಕು. ಐದೂ ತಪ್ಪಿಲ್ಲದೆ ನಡೆದವು ಅಂತ ಅವರು ಬರವಣಿಗೆಯಲ್ಲಿ ಕೊಡಬೇಕು.

ಹಾಗಾಗಿ ಆ ಕೋರ್ಸ್‌ನವರನ್ನು ನೇರವಾಗಿ ಕೇಳಿ: ಐದು ಅಣಕು ಕಲೆಕ್ಷನ್ ನಿಮ್ಮ ಶುಲ್ಕದಲ್ಲಿ ಸೇರಿದೆಯೇ, ಮಾನಿಟರ್ ಯಾರು, ಅವರ ಅರ್ಹತೆಯ ದಾಖಲೆ ಕೊಡುತ್ತೀರಾ, ಅಭ್ಯಾಸದ ಕಿಟ್ ಮತ್ತು ಫಾರ್ಮ್ ಕಳಿಸುತ್ತೀರಾ? ‘ಸ್ಲೈಡ್ ನೋಡಿ, ಕ್ವಿಜ್ ಪಾಸಾದರೆ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿಕೊಳ್ಳಿ’ ಅನ್ನುವ ಉತ್ತರ ಬಂದರೆ ದುಡ್ಡು ಜೇಬಿನಲ್ಲೇ ಇರಲಿ. ಎಲ್ಲವೂ ಸರಿ ಇದ್ದರೆ ಒಂದು ದಿನದಲ್ಲಿ ಮುಗಿಸುವುದು ಸುಳ್ಳೇನಲ್ಲ.

ಅಣಕು ಕಲೆಕ್ಷನ್‌ನಲ್ಲಿ ಜನ ಎಲ್ಲಿ ತಪ್ಪುತ್ತಾರೆ ಅಂತ ತಿಳಿಯಬೇಕಾದರೆ ಸಾಮಾನ್ಯ ಕಲೆಕ್ಷನ್ ಹೇಗೆ ನಡೆಯುತ್ತದೆ ಗೊತ್ತಿರಬೇಕು. ಡೋನರ್ ಬರುವ ಮೊದಲೇ ಶೌಚಾಲಯ ಸಿದ್ಧವಾಗಬೇಕು: ಕಮೋಡ್ ಮತ್ತು ಟ್ಯಾಂಕಿನ ನೀರಿಗೆ ನೀಲಿ ಬಣ್ಣ, ನಲ್ಲಿಗಳು ಬಂದ್ ಅಥವಾ ಟೇಪ್ ಹಚ್ಚಿದ್ದು, ಸೋಪು, ಫಿನಾಯಿಲ್ ಥರದ್ದೆಲ್ಲ ಹೊರಗೆ, ಕಸದ ಬುಟ್ಟಿ ಮತ್ತು ಚಾವಣಿಯ ಸಂದುಗಳ ತಪಾಸಣೆ. ಇದು ಪ್ರತಿ ಕಲೆಕ್ಷನ್‌ಗೆ ಮುಂಚೆಯೂ ಆಮೇಲೂ. ಡೋನರ್ ಬಂದಾಗ ಫೋಟೋ ಇರುವ ಗುರುತಿನ ಚೀಟಿ, ಅದೂ ಮೂಲ ಪ್ರತಿ. ಜೆರಾಕ್ಸ್ ಆಗದು, ಜೊತೆಗೆ ಬಂದ ಸಹೋದ್ಯೋಗಿ ‘ಇವನು ಇವನೇ’ ಅಂದರೂ ಆಗದು. ಚೀಟಿ ಇಲ್ಲದಿದ್ದರೆ ಕಂಪನಿಯ ಡಿಇಆರ್‌ಗೆ, ಅಂದರೆ ಈ ಪರೀಕ್ಷೆಗೆಂದೇ ಕಂಪನಿ ನೇಮಿಸಿದ ಪ್ರತಿನಿಧಿಗೆ, ಫೋನ್ ಮಾಡಿ. ಕೋಟು, ಟೋಪಿ, ಬ್ಯಾಗ್ ಹೊರಗಿಡಿಸಿ ಜೇಬು ಖಾಲಿ ಮಾಡಿಸಿ. ಜೇಬಿನ ವಾಲೆಟ್ ಅವರ ಬಳಿ ಇರಬಹುದು. ಕೈ ತೊಳೆಸಿ. ಟ್ರಕ್, ಬಸ್ ಚಾಲಕರಾದರೆ ಫಾರ್ಮ್‌ನಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಬದಲು ಕಮರ್ಷಿಯಲ್ ಲೈಸೆನ್ಸ್ ಸಂಖ್ಯೆ ಮತ್ತು ರಾಜ್ಯ ಬರೆಯಬೇಕು. 2020ರ ಜನವರಿಯಿಂದ ಹೀಗೆ.

ಒಳಗೆ ಹೋಗುವುದು ಕಪ್ ಮಾತ್ರ. ಬಾಟಲಿಗಳು ಸೀಲ್ ಒಡೆಯದೆ ಹೊರಗೇ ಇರುತ್ತವೆ. ಕನಿಷ್ಠ 45 ಮಿಲಿಲೀಟರ್ ಬೇಕು, ಫ್ಲಶ್ ಮಾಡಬಾರದು ಅಂತ ಹೇಳಿ ಕಳಿಸಿ. ಕಪ್ ಕೈಗೆ ಬಂದ 4 ನಿಮಿಷದೊಳಗೆ ಅದರ ಮೇಲೆ ಅಂಟಿಸಿದ ಉಷ್ಣಾಂಶದ ಪಟ್ಟಿ ನೋಡಬೇಕು: 32ರಿಂದ 38 ಡಿಗ್ರಿ ಸೆಲ್ಸಿಯಸ್, ಅಲ್ಲಿನ ಪಟ್ಟಿಯಲ್ಲಿ 90ರಿಂದ 100 ಫ್ಯಾರನ್‌ಹೀಟ್. ಫಾರ್ಮ್‌ನ ಎರಡನೇ ಹಂತದಲ್ಲಿ ಆ ಚೌಕಕ್ಕೆ ಗುರುತು ಹಾಕಿ ಮುಂದೆ ಹೋಗಿ. ಡೋನರ್ ಕಣ್ಣೆದುರೇ 30 ಮಿಲಿಲೀಟರ್ ಮೊದಲ ಬಾಟಲಿಗೆ, 15 ಎರಡನೆಯದಕ್ಕೆ. ಸೀಲ್ ಅಂಟಿಸಿ, ದಿನಾಂಕ ಬರೆದು, ಆಮೇಲೆ ಡೋನರ್ ಇನಿಷಿಯಲ್.

ಹೊಸಬರು ಅತಿ ಹೆಚ್ಚು ಎಡವುವ ಜಾಗ ಇದೇ. ಸೀಲ್ ಇನ್ನೂ ಫಾರ್ಮ್ ಮೇಲಿರುವಾಗಲೇ ಬರೆಯುವುದು ಸುಲಭ ಅಂತ ಇನಿಷಿಯಲ್ ಹಾಕಿಸಿಬಿಡುತ್ತಾರೆ. ಇನಿಷಿಯಲ್‌ನ ಅರ್ಥವೇ ‘ಈ ಬಾಟಲಿಯಲ್ಲಿರುವುದು ನನ್ನದು’ ಅಂತ. ಬಾಟಲಿಗೆ ಅಂಟದ ಚೀಟಿಯ ಮೇಲೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಸೀಲ್ ಆಗುವವರೆಗೆ ಸ್ಯಾಂಪಲ್ ನಿಮ್ಮಿಬ್ಬರ ಕಣ್ಣಿನಿಂದ ಮರೆಯಾಗಬಾರದು. ಹೊಸ ಪೆನ್ನು ತರಲು ಪಕ್ಕದ ರೂಮಿಗೆ ಹೋದರೂ, ಸ್ಯಾಂಪಲ್ ಯಾವಾಗ ಯಾರ ಕೈಯಲ್ಲಿತ್ತು ಅನ್ನುವ ಸರಪಳಿ ಕಡಿದಂತೆ.

ಐದು ಪ್ರತಿಗಳ ಈ ಫಾರ್ಮ್‌ಗೆ ಸಿಸಿಎಫ್ ಅನ್ನುತ್ತಾರೆ. ಮೊದಲ ಪ್ರತಿ ಸ್ಯಾಂಪಲ್ ಜೊತೆ ಲ್ಯಾಬಿಗೆ, ಎರಡನೆಯದು ಫಲಿತಾಂಶ ಪರಿಶೀಲಿಸುವ ವೈದ್ಯರಾದ ಎಂಆರ್‌ಒಗೆ, ಮೂರನೆಯದು ನಿಮಗೆ, ನಾಲ್ಕನೆಯದು ಕಂಪನಿಗೆ, ಐದನೆಯದು ಡೋನರ್‌ಗೆ. ಸ್ಯಾಂಪಲ್ 24 ಗಂಟೆಯೊಳಗೆ ಅಥವಾ ಮುಂದಿನ ಕೆಲಸದ ದಿನ ಹೊರಡಬೇಕು. ನಿಮ್ಮ ಪ್ರತಿ ಕನಿಷ್ಠ 30 ದಿನ ಇಟ್ಟುಕೊಳ್ಳಬೇಕು. ‘ನೀವು ಯಾವ ಮಾತ್ರೆ ತಗೊಳ್ತೀರಿ’ ಅಂತ ಡೋನರ್‌ನನ್ನು ಕೇಳಬೇಡಿ, ಫಾರ್ಮ್‌ನಲ್ಲಿ ಬರೆಸಲೂ ಬೇಡಿ. ನೆನಪಿಗೆ ಬೇಕಿದ್ದರೆ ಅವರು ತಮ್ಮ ಪ್ರತಿಯ ಹಿಂಬದಿಯಲ್ಲಿ ಬರೆದುಕೊಳ್ಳಲಿ. ಲ್ಯಾಬಿನಿಂದ ಬಂದವರಿಗೆ ಹಿಸ್ಟರಿ ಕೇಳುವ ಅಭ್ಯಾಸ ಇರುತ್ತದೆ. ಇಲ್ಲಿ ಅದನ್ನು ಬಿಡಬೇಕು.

ಇನ್ನು ತೊಂದರೆಯ ಕಲೆಕ್ಷನ್‌ಗಳು. ನಿಜವಾದ ತರಬೇತಿ ಅಂದರೆ ಇದೇ ಅನ್ನುವುದು ನನ್ನ ಖಚಿತ ಅಭಿಪ್ರಾಯ.

45ಕ್ಕಿಂತ ಕಡಿಮೆ ಬಂದರೆ ಆ ಸ್ಯಾಂಪಲ್ ಚೆಲ್ಲಬೇಕು. ಮುಂದೆ ಬರುವುದನ್ನು ಇದಕ್ಕೆ ಸೇರಿಸಿ 45 ಮಾಡುವುದು ನಿಷಿದ್ಧ. ಆ ಹೊತ್ತನ್ನು ಗುರುತಿಸಿ 3 ಗಂಟೆಯ ಅವಕಾಶ ಕೊಡಿ, ಅಷ್ಟರಲ್ಲಿ 40 ಔನ್ಸ್‌ವರೆಗೆ, ಅಂದರೆ ಸುಮಾರು 1.2 ಲೀಟರ್, ಹಂಚಿ ಹಂಚಿ ಕುಡಿಯಲು ಕೊಡಿ. ಕುಡಿಯಲು ಒಲ್ಲೆ ಅಂದರೆ ಅದು ಪರೀಕ್ಷೆಯ ನಿರಾಕರಣೆ ಅಲ್ಲ. ಹೇಳದೆ ಕೇಳದೆ ಎದ್ದು ಹೋದರೆ ಮಾತ್ರ ಕೂಡಲೇ ಡಿಇಆರ್‌ಗೆ ತಿಳಿಸಬೇಕು. 3 ಗಂಟೆ ಕಳೆದರೂ ಆಗದಿದ್ದರೆ ಷರಾದಲ್ಲಿ ಬರೆದು ನಿಲ್ಲಿಸಿ, ಡಿಇಆರ್‌ಗೆ ಹೇಳಿ. ವೈದ್ಯಕೀಯ ಕಾರಣ ಇದೆಯೇ ಅಂತ ನೋಡುವುದು ವೈದ್ಯರ ಕೆಲಸ. ಒಂದು ವಿನಾಯಿತಿ ನೆನಪಿಡಿ: ಪ್ರಮಾಣ ಕಡಿಮೆ ಇದ್ದು ಉಷ್ಣಾಂಶವೂ ಮಿತಿಯ ಹೊರಗಿದ್ದರೆ, ಅಥವಾ ಕಲಬೆರಕೆಯ ಲಕ್ಷಣ ಇದ್ದರೆ, ಚೆಲ್ಲಬಾರದು.

ಉಷ್ಣಾಂಶ ಮಿತಿಯ ಹೊರಗಿದ್ದಾಗ ಡೋನರ್ ಜೊತೆ ವಾದಕ್ಕೆ ಇಳಿಯಬೇಡಿ. ಮೊದಲ ಸ್ಯಾಂಪಲ್ ಸೀಲ್ ಮಾಡಿ, ಕಾರಣ ತಿಳಿಸಿ, ತಕ್ಷಣ ಹೊಸ ಕಿಟ್, ಹೊಸ ಫಾರ್ಮ್ ತೆಗೆದು ನೇರ ನಿಗಾದಲ್ಲಿ ಎರಡನೇ ಕಲೆಕ್ಷನ್ ಮಾಡಬೇಕು. ಎರಡೂ ಲ್ಯಾಬಿಗೆ ಹೋಗುತ್ತವೆ, ಎರಡು ಫಾರ್ಮ್‌ನ ಷರಾದಲ್ಲೂ ಇನ್ನೊಂದರ ಸ್ಯಾಂಪಲ್ ಸಂಖ್ಯೆ ಇರಬೇಕು. ಮೊದಲನೆಯದನ್ನು ಚೆಲ್ಲುವುದು, ಅಥವಾ ಎರಡಕ್ಕೂ ಒಂದೇ ಫಾರ್ಮ್ ಬಳಸುವುದು ಇಲ್ಲಿನ ದೊಡ್ಡ ತಪ್ಪುಗಳು. ನಿಗಾ ಇಡುವವರು ಡೋನರ್‌ನ ಲಿಂಗದವರೇ ಆಗಿರಬೇಕು. ಅವರು ಅರ್ಹ ಕಲೆಕ್ಟರ್ ಆಗಿರಬೇಕಿಲ್ಲ, ಏನು ನೋಡಬೇಕು ಅನ್ನುವುದನ್ನು ನೀವು ಹೇಳಿಕೊಟ್ಟರೆ ಸಾಕು. ಡೋನರ್ ಅಂಗಿಯನ್ನು ಸೊಂಟದ ಮೇಲಕ್ಕೆ ಎತ್ತಿ, ಕೆಳಉಡುಪನ್ನು ತೊಡೆಯ ನಡುವಿನವರೆಗೆ ಇಳಿಸಿ, ಒಂದು ಸುತ್ತು ತಿರುಗಿ ಯಾವ ಕೃತಕ ಸಾಧನವೂ ಇಲ್ಲ ಅಂತ ತೋರಿಸಬೇಕು. ಯಾರಿಗೇ ಆದರೂ ಮುಜುಗರದ ಗಳಿಗೆ ಅದು. ಗದರದೆ, ನಗದೆ, ಒಂದೇ ದನಿಯಲ್ಲಿ ಹೇಳುವುದನ್ನು ಅಣಕು ಕಲೆಕ್ಷನ್‌ನಲ್ಲೇ ರೂಢಿ ಮಾಡಿಕೊಳ್ಳಿ.

ಸಹಿ ಹಾಕಲು ಒಪ್ಪದಿದ್ದರೆ ಕಲೆಕ್ಷನ್ ರದ್ದಾಗುವುದಿಲ್ಲ. ಡೋನರ್‌ನ ಹೆಸರನ್ನು ನೀವೇ ಅಚ್ಚಕ್ಷರದಲ್ಲಿ ಬರೆದು, ಸಹಿ ನಿರಾಕರಿಸಿದ್ದಾರೆ ಅಂತ ಷರಾದಲ್ಲಿ ದಾಖಲಿಸಿ ಸ್ಯಾಂಪಲ್ ಕಳಿಸಿ. ಡೋನರ್ ಪರೀಕ್ಷೆಯನ್ನು ‘ನಿರಾಕರಿಸಿದ’ ಅಂತ ತೀರ್ಮಾನಿಸುವುದು ಕಲೆಕ್ಟರ್ ಕೆಲಸ ಅಲ್ಲ. ಕಂಡದ್ದನ್ನು ಬರೆಯಿರಿ, ತಿಳಿಸಿ. ಆ ಒಂದು ಪದದಿಂದ ಚಾಲಕನ ಕೆಲಸ ಹೋಗುತ್ತದೆ.

ಪರೀಕ್ಷೆಯನ್ನೇ ಕೊಲ್ಲುವ ತಪ್ಪುಗಳು ಕೆಲವೇ: ಬಾಟಲಿಯ ಸಂಖ್ಯೆ ಫಾರ್ಮ್‌ನ ಸಂಖ್ಯೆಗೆ ತಾಳೆಯಾಗದಿರುವುದು, ಸೀಲ್ ಒಡೆದಿರುವುದು, ಮೊದಲ ಬಾಟಲಿಯಲ್ಲಿ ಸಾಕಷ್ಟು ಇಲ್ಲದಿರುವುದು (ಇವೆರಡಕ್ಕೆ ಎರಡನೇ ಬಾಟಲಿ ಕೆಲವೊಮ್ಮೆ ಕೈ ಹಿಡಿಯುತ್ತದೆ), ಒಂದೇ ಫಾರ್ಮ್‌ನಲ್ಲಿ ಎರಡು ಕಲೆಕ್ಷನ್, ಫಾರ್ಮ್ ಇಲ್ಲದ ಸ್ಯಾಂಪಲ್ ಅಥವಾ ಸ್ಯಾಂಪಲ್ ಇಲ್ಲದ ಫಾರ್ಮ್, ಕಲೆಕ್ಟರ್‌ನ ಹೆಸರೂ ಸಹಿಯೂ ಎರಡೂ ಇಲ್ಲದಿರುವುದು. ಹೆಸರಿದ್ದು ಸಹಿ ಮಾತ್ರ ಬಿಟ್ಟುಹೋದರೆ ಲಿಖಿತ ಹೇಳಿಕೆ ಕೊಟ್ಟು ಸರಿಪಡಿಸಬಹುದು. ನಿಮ್ಮ ತಪ್ಪಿನಿಂದ ಪರೀಕ್ಷೆ ರದ್ದಾದರೆ, ತಿಳಿಸಿದ 30 ದಿನದೊಳಗೆ ತಿದ್ದುಪಡಿ ತರಬೇತಿ ಮಾಡಿ ಮೂರು ಅಣಕು ಕಲೆಕ್ಷನ್ ತಪ್ಪಿಲ್ಲದೆ ತೋರಿಸಬೇಕು: ಒಂದು ಸಾಮಾನ್ಯ, ಎರಡು ಅದೇ ತಪ್ಪಿಗೆ ಸಂಬಂಧಿಸಿದ್ದು. ಏನೂ ತಪ್ಪಾಗದಿದ್ದರೂ 5 ವರ್ಷಕ್ಕೊಮ್ಮೆ ಮರುತರಬೇತಿ ಕಡ್ಡಾಯ. ಈ ಎಲ್ಲ ಕಾಗದವನ್ನೂ ಒಂದೇ ಫೈಲಿನಲ್ಲಿಡಿ, ಮಾನಿಟರ್‌ನ ಅರ್ಹತಾ ಪತ್ರ ಸಮೇತ. ಕೆಲಸ ಬದಲಿಸಿದರೆ ಫೈಲು ನಿಮ್ಮ ಜೊತೆ ಬರಲಿ, ಹಳೆಯ ಕಂಪನಿಯ ಬೀರುವಿನಲ್ಲಿ ಉಳಿಯುವುದು ಬೇಡ.

ಉಸಿರಿನ ಆಲ್ಕೋಹಾಲ್ ಪರೀಕ್ಷೆ ಮಾಡುವುದಕ್ಕೆ ಈ ತರಬೇತಿ ಸಾಲದು, ಅದರ ಟೆಕ್ನಿಷಿಯನ್‌ಗೆ ಏಳು ಅಣಕು ಪರೀಕ್ಷೆ ಬೇರೆಯೇ ಇದೆ. ಜೊಲ್ಲಿನ ಸ್ಯಾಂಪಲ್‌ಗೆ 2023ರ ಜೂನ್ 1ರಿಂದ ನಿಯಮ ಬಂದಿದೆ. ಅದಕ್ಕೂ ಐದು ಅಣಕು ಕಲೆಕ್ಷನ್ ಬೇಕು, ಅದೂ ನೀವು ಬಳಸುವ ಪ್ರತಿ ಸಾಧನಕ್ಕೆ ಪ್ರತ್ಯೇಕವಾಗಿ. ಬಾಯಲ್ಲಿ ಏನೋ ಇಟ್ಟುಕೊಂಡು ಬಂದ ಡೋನರ್‌ನ ಸನ್ನಿವೇಶ ಅದರಲ್ಲಿ ಒಂದು. ಎಚ್‌ಎಚ್‌ಎಸ್ ಮಾನ್ಯತೆ ಪಡೆದ ಕನಿಷ್ಠ ಎರಡು ಲ್ಯಾಬ್‌ಗಳಿಲ್ಲದೆ ಡಿಒಟಿ ಪರೀಕ್ಷೆಗೆ ಜೊಲ್ಲು ತೆಗೆಯುವಂತಿಲ್ಲ. ಆದ್ದರಿಂದ ಆ ಕೋರ್ಸ್‌ಗೆ ದುಡ್ಡು ಹಾಕುವ ಮುನ್ನ ಒಡಿಎಪಿಸಿ ಪ್ರಕಟಣೆ ನೋಡಿ. ನನ್ನ ಸಲಹೆ: ಮೊದಲು ಮೂತ್ರ, ಆಮೇಲೆ ಆಲ್ಕೋಹಾಲ್. ಎರಡೂ ಬಲ್ಲವರನ್ನು ಒಂದೇ ಕಡೆ ಕಳಿಸಿ ಕೆಲಸ ಮುಗಿಸಬಹುದಾದ್ದರಿಂದ ಕಂಪನಿಗಳಿಗೂ ಅನುಕೂಲ.

ಊರಿಗೆ ಬಂದರೆ ಬೆಲೆ ಇದೆಯೇ ಅಂದಿರಿ. ಭಾಗ 40ರ ಅರ್ಹತೆಗೆ ಭಾರತದಲ್ಲಿ ಕಾನೂನಿನ ಬಲ ಇಲ್ಲ. ಅಲ್ಲಿ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ನಿರ್ದೇಶನಾಲಯದ, ನಿಯಮ 2022ರ ಜನವರಿ 31ರಿಂದ ಜಾರಿಯಲ್ಲಿದೆ. ಪೈಲಟ್ ಮೊದಲಾದ ವಿಮಾನ ಸಿಬ್ಬಂದಿ ಮತ್ತು ವಾಯು ಸಂಚಾರ ನಿಯಂತ್ರಕರಲ್ಲಿ ವರ್ಷಕ್ಕೆ ಕನಿಷ್ಠ ಶೇ 10ರಷ್ಟು ಜನಕ್ಕೆ ಮುನ್ಸೂಚನೆ ಇಲ್ಲದ ಪರೀಕ್ಷೆ ನಡೆಯಬೇಕು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಇಂಥ ಸಿಬ್ಬಂದಿಗೂ ಅನ್ವಯಿಸುವುದು ಅದೇ. ಸ್ಯಾಂಪಲ್ ಕೈ ಬದಲಾಗುವಾಗ ದಾಖಲೆ ಇಡುವ ಶಿಸ್ತು ಅಲ್ಲಿ ಉಪಯೋಗಕ್ಕೆ ಬರುತ್ತದೆ, ಸರ್ಟಿಫಿಕೇಟ್ ಅಲ್ಲ. ಕ್ರೀಡಾ ಡೋಪಿಂಗ್ ತಪಾಸಣೆಯಂತೂ ಪೂರ್ತಿ ಬೇರೆ: ಅಲ್ಲಿ ಕನಿಷ್ಠ 90 ಮಿಲಿಲೀಟರ್ ಬೇಕು, ಕಡಿಮೆ ಬಂದದ್ದನ್ನು ಸೀಲ್ ಮಾಡಿಟ್ಟು ಆಮೇಲೆ ಬಂದದ್ದರ ಜೊತೆ ಸೇರಿಸುತ್ತಾರೆ, ಭಾಗ 40ರಲ್ಲಿ ನಿಷಿದ್ಧವಾದದ್ದೇ ಅಲ್ಲಿ ಪದ್ಧತಿ. ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ತನ್ನ ಅಧಿಕಾರಿಗಳಿಗೆ ತಾನೇ ತರಬೇತಿ ಕೊಡುತ್ತದೆ. ಆ ಕಡೆ ಆಸಕ್ತಿ ಇದ್ದರೆ ಅರ್ಜಿ ಅಲ್ಲಿಗೇ ಹಾಕಬೇಕು.