ಸಂಪಾದಕರ ಉತ್ತರ: ಕಾಳು ಬಲ್ಲವರನ್ನು ಕೇಳಿದಿರಾ?

ಕಲಬುರಗಿಯ ಕಪನೂರಿನಲ್ಲಿ ದಾಲ್ ಮಿಲ್ ನಡೆಸುವ ಮನೆತನದ ಯುವಕರೊಬ್ಬರು ಬರೆಯುತ್ತಾರೆ: “ಬೇಳೆ ಆರಿಸಲು ಎಐ ಯಂತ್ರ ತರೋಣವೆಂದರೆ ತಂದೆಯವರು, ಮೊದಲು ನಮ್ಮ ಹಳೆಯ ಮೇಸ್ತ್ರಿಯನ್ನು ಕೇಳು ಎನ್ನುತ್ತಾರೆ. ಇಂಥ ಹಿಂಜರಿಕೆಯಿಂದಲೇ ನಮ್ಮ ಭಾಗ ಹಿಂದುಳಿದಿದೆಯಲ್ಲವೆ?”

ಪ್ರಿಯರೇ, ಎಐ ಬೇಕೆನ್ನುವ ನೀವು ನಾಲ್ಕು ಪುಟಗಳನ್ನು ಕೈಯಿಂದಲೇ ಬರೆದಿದ್ದೀರಿ, ಅದೂ ದುಂಡಾದ ಅಕ್ಷರದಲ್ಲಿ. ಅದಕ್ಕಾಗಿಯೇ ಈ ದೀರ್ಘ ಉತ್ತರ.

ಯಂತ್ರ ಬೇಡವೆಂದು ನಾನು ಹೇಳುವುದಿಲ್ಲ. ಮೇಲಿಂದ ಜಾರಿ ಬರುವ ಬೇಳೆಯನ್ನು ಕ್ಯಾಮೆರಾ ನೋಡುವುದನ್ನೂ, ಕಪ್ಪು ಕಾಳು ಕಂಡೊಡನೆ ಗಾಳಿ ಚಿಮ್ಮಿ ಅದನ್ನು ಹೊರಗೆಸೆಯುವುದನ್ನೂ ನಾನೂ ನಿಂತು ನೋಡಿದ್ದೇನೆ. ಆ ವೇಗ ಮನುಷ್ಯರ ಕೈಗಿಲ್ಲ. ಆದರೆ ಯಾವುದು ಕೆಟ್ಟ ಕಾಳು ಎಂಬುದನ್ನು ಯಂತ್ರ ಹುಟ್ಟುತ್ತಲೇ ಅರಿತಿರುವುದಿಲ್ಲ, ಒಳ್ಳೆಯ ಮತ್ತು ಕೆಟ್ಟ ಕಾಳುಗಳ ಸಾವಿರಾರು ಚಿತ್ರಗಳನ್ನು ತೋರಿಸಿ ಯಾರೋ ಕಲಿಸಿರುತ್ತಾರೆ. ಆ ಯಾರೋ ನಮ್ಮ ತೊಗರಿಯನ್ನು ಕಂಡಿದ್ದಾರೆಯೆ? ಸುಣ್ಣದ ಅಂಶವಿರುವ ಈ ಮಣ್ಣಿನ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಈ ನೆಲದ್ದೇ ವಿಶಿಷ್ಟ ಬೆಳೆಯೆಂಬ ಗುರುತು, ಸಿಕ್ಕಿದ್ದು ಸುಮ್ಮನೆ ಅಲ್ಲ. ಎಣ್ಣೆ ಸವರಿ, ನೀರುಣಿಸಿ ಬಿಸಿಲಿಗೆ ಹರಡಿದ ರಾಶಿಯಿಂದ ಮೇಸ್ತ್ರಿಯೊಬ್ಬರು ಒಂದು ಕಾಳು ಎತ್ತಿ ಹಲ್ಲಿನಲ್ಲಿ ಕಡಿದು, ಆ ಸದ್ದಿನಿಂದಲೇ “ಇನ್ನೊಂದು ಬಿಸಿಲು ಬೇಕ್ರಿ” ಎಂದದ್ದು ನನಗಿನ್ನೂ ನೆನಪಿದೆ. ಆ ಅರಿವು ಯಾವ ಕ್ಯಾಮೆರಾದ ಮುಂದೆಯೂ ಹಾದುಹೋಗಿಲ್ಲ.

ಅಮೆರಿಕದಲ್ಲಿ 1882ರಲ್ಲೇ ವಿದ್ಯುತ್ ಕೇಂದ್ರ ಶುರುವಾದರೂ ಕಾರ್ಖಾನೆಗಳಿಗೆ ಅದರ ನಿಜವಾದ ಲಾಭ ದಕ್ಕಿದ್ದು 1920ರ ದಶಕದಲ್ಲಿ. ಉಗಿಯಂತ್ರ ಕಿತ್ತು ಅದೇ ಜಾಗದಲ್ಲಿ ಮೋಟಾರು ಕೂರಿಸಿದ ಮಾಲೀಕರು, ಎಲ್ಲ ಯಂತ್ರಗಳನ್ನೂ ಒಟ್ಟಿಗೆ ತಿರುಗಿಸುವ ಹಳೆಯ ದಂಡ, ಬೆಲ್ಟುಗಳನ್ನು ಹಾಗೆಯೇ ಬಿಟ್ಟಿದ್ದರು. ಪ್ರತಿ ಯಂತ್ರಕ್ಕೂ ಬೇರೆ ಮೋಟಾರು ಕೊಟ್ಟು ಕೆಲಸದ ಕ್ರಮವನ್ನೇ ಬದಲಿಸಿದ ಮೇಲೆ ಉತ್ಪಾದನೆ ಏರಿತು. ಇಂದು ಎಐ ಕೊಳ್ಳುವವರಲ್ಲಿ ಬಹಳ ಮಂದಿ ಆ ಮೊದಲ ಮಾಲೀಕರಂತೆಯೇ ನನಗೆ ಕಾಣುತ್ತಾರೆ.

ಹೊಣೆಯ ಮಾತೂ ಇದೆ. ಏರ್ ಕೆನಡಾ ವಿಮಾನ ಕಂಪನಿಯಲ್ಲಿ ಗ್ರಾಹಕರ ಪ್ರಶ್ನೆಗೆ ತಾನೇ ಉತ್ತರಿಸುವ ಚಾಟ್‌ಬಾಟ್, ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ರಿಯಾಯಿತಿ ದರದ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಅದರ ಮಾತಿಗೆ ತಾನು ಹೊಣೆಯಲ್ಲವೆಂದು ಕಂಪನಿ ವಾದಿಸಿತಾದರೂ ಅಲ್ಲಿನ ನ್ಯಾಯಮಂಡಳಿ 2024ರಲ್ಲಿ ಅದನ್ನು ಒಪ್ಪದೆ ಪರಿಹಾರ ಕೊಡಿಸಿತು. ನಿಮ್ಮ ಚೀಲದಲ್ಲಿ ಹರಳು ಸಿಕ್ಕರೆ ಅಡತಿಯವರು ಬಯ್ಯುವುದು ನಿಮ್ಮ ತಂದೆಯವರನ್ನು, ಯಂತ್ರವನ್ನಲ್ಲ.

ಇನ್ನು ಭಾಗ ಹಿಂದುಳಿದದ್ದರ ಮಾತು. ಮೊನ್ನೆ ಒಂದು ಬ್ಯಾಂಕಿನ ಸಹಾಯವಾಣಿಗೆ ಫೋನು ಮಾಡಿ “ರೊಕ್ಕ ಜಮಾ ಆಗಿಲ್ರಿ” ಎಂದೆ. ಅರ್ಥವಾಗಲಿಲ್ಲ ಎಂದಿತು ಯಂತ್ರದ ಹೆಣ್ಣುದನಿ. ಎರಡನೆಯ ಸಲವೂ ಅದೇ. ಮೂರನೆಯ ಸಲ ವಾರ್ತೆ ಓದುವವನಂತೆ “ಹಣ ಜಮೆಯಾಗಿಲ್ಲ” ಎಂದಾಗಲೇ ಅದು ಮುಂದುವರಿದದ್ದು. ಐವತ್ತು ವರ್ಷಗಳಿಂದ ಪಠ್ಯಪುಸ್ತಕಗಳು ನಮ್ಮ ಮಾತನ್ನು ತಿದ್ದಿದ್ದು ಸಾಲದೆಂದು ಈಗ ಫೋನೂ ತಿದ್ದಬೇಕೆ? ಹಿಂದುಳಿದವರು ನಾವೋ, ನಮ್ಮನ್ನು ಕೇಳದೆಯೇ ಕಲಿತು ಬಂದ ಆ ಯಂತ್ರವೋ?

ಮಾರುವವರು ಯಂತ್ರ ತೋರಿಸಲು ಬಂದ ದಿನ, ಅವರು ತಂದ ಮಾದರಿಯನ್ನು ಬದಿಗಿಟ್ಟು ನಿಮ್ಮದೇ ಎರಡು ಚೀಲ ಸುರಿಯಿರಿ. ಯಂತ್ರ ಹೊರಗೆಸೆದದ್ದನ್ನೂ ಉಳಿಸಿಕೊಂಡದ್ದನ್ನೂ ಬೇರೆ ಬೇರೆ ತಟ್ಟೆಯಲ್ಲಿ ಮೇಸ್ತ್ರಿಯವರ ಮುಂದಿಡಿ. ಅವರೇನೆಂದರೆಂದು ನನಗೆ ಬರೆಯಿರಿ, ಕೈಯಿಂದಲೇ.