ಒಡ್ಡಿನಿಂದ ಆರಂಭಿಸಿ

ಮಡಗಾಂವ್ ಬಳಿ ಅತ್ತೆಮನೆಯವರು ಉಳಿಸಿಕೊಂಡಿರುವ ಖಾಜನ್ ಗದ್ದೆಯ (ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ ಮಾಡಿದ ತಗ್ಗು ಗದ್ದೆ) ಇತಿಹಾಸವನ್ನು ಎಲ್ಲಿಂದ ಬರೆಯಲಿ ಎಂದು ಕೇಳಿದ್ದೀರಿ. ದಯವಿಟ್ಟು ಮನೆಯಿಂದಲ್ಲ, ಒಡ್ಡು ಮತ್ತು ತೂಬಿನಿಂದ ಆರಂಭಿಸಿ. ಗೋವಾದಲ್ಲಿ ಆ ತೂಬಿಗೆ ಮಾನಸ್ ಎನ್ನುತ್ತಾರೆ. ಸಮುದ್ರದ ಭರತದ ನೀರು ಒತ್ತಿದಾಗ ಅದರ ಮರದ ಕದ ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಒಳನೀರು ತಳ್ಳಿದಾಗ ತಾನೇ ತೆರೆಯುತ್ತದೆ. ಉಪ್ಪುನೀರಿನಿಂದ ಆ ಗದ್ದೆಯನ್ನು ಕಾದದ್ದು ಇದೇ! ಕದ ಬದಲಿಸುತ್ತಿದ್ದವರು ಯಾರು, ಒಡ್ಡು ಒಡೆದದ್ದು ಯಾವಾಗ, ಉಪ್ಪು ತಡೆಯುವ ಕೋರ್ಗುಟ್ ಭತ್ತ ಬಿತ್ತುತ್ತಿದ್ದರೇ ಎಂದು ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. (ನಮ್ಮ ಕುಮಟಾ ಕಡೆಯ ಇಂಥದೇ ಗಜನಿ ಗದ್ದೆ, ಕಗ್ಗ ಭತ್ತ ಬಲ್ಲವರಿಗೆ ಇದೆಲ್ಲ ಮನೆಯದೇ ಮಾತು.) ಕಾಗದಕ್ಕೆ ಬಂದರೆ, ಗೋವಾದ ಜಮೀನು ದಾಖಲೆಯಾದ ನಮೂನೆ 1 ಮತ್ತು 14ರಲ್ಲಿ ಸರ್ವೆ ನಂಬರ್, ಗೇಣಿದಾರರ ಹೆಸರು ನೋಡಿ; 1961ಕ್ಕಿಂತ ಹಿಂದಿನ ಪೋರ್ಚುಗೀಸ್ ಕಾಲದ್ದಕ್ಕೆ ಪಣಜಿಯ ಪತ್ರಾಗಾರ, ಊರಿನ ಕೊಮುನಿದಾದ್ (ಊರ ಸಾಮೂಹಿಕ ಜಮೀನು ನೋಡಿಕೊಳ್ಳುವ ಹಳೆಯ ಗ್ರಾಮಸಂಘ) ಕಚೇರಿ ಎರಡನ್ನೂ ವಿಚಾರಿಸಿ.