5 ಸೈನ್ ಥೀಟಾ + 12 ಕಾಸ್ ಥೀಟಾ: ಗರಿಷ್ಠ ಬೆಲೆ 17 ಯಾಕಲ್ಲ?

ಬೆಂಗಳೂರಿನಲ್ಲಿ ಸಿಇಟಿಗೆ ಓದುತ್ತಿರುವ ನೀವು ಕೇಳಿದ್ದು, ಐದಕ್ಕೆ ಹನ್ನೆರಡು ಕೂಡಿದರೆ 17 ಬರುತ್ತೆ, ಉತ್ತರ ಮಾತ್ರ 13 ಯಾಕೆ ಅಂತ. ಸೈನ್ 1 ಆಗುವುದು 90 ಡಿಗ್ರಿಯಲ್ಲಿ. ಅಲ್ಲಿ ಕಾಸ್ ಸೊನ್ನೆ. ಎರಡೂ ಒಟ್ಟಿಗೆ ತುದಿ ಮುಟ್ಟುವುದೇ ಇಲ್ಲ, ಅಲ್ವಾ?

ಈಗ 5 ಮತ್ತು 12ರ ವರ್ಗಗಳನ್ನು ಕೂಡಿ: 169. ವರ್ಗಮೂಲ 13. ಅದನ್ನು ಹೊರಗೆ ತೆಗೆಯಿರಿ:

13 × (5/13 ಸೈನ್ ಥೀಟಾ + 12/13 ಕಾಸ್ ಥೀಟಾ)

5/13 ಮತ್ತು 12/13ರ ವರ್ಗಗಳ ಮೊತ್ತ 1. ಹಾಗಾಗಿ ಕಾಸ್ ಆಲ್ಫಾ 5/13, ಸೈನ್ ಆಲ್ಫಾ 12/13 ಆಗುವ ಒಂದು ಕೋನ ಇದ್ದೇ ಇದೆ, ಸುಮಾರು 67.4 ಡಿಗ್ರಿ. ಆವರಣದಲ್ಲಿರುವುದು ಸೈನ್ ಮೊತ್ತದ ಸೂತ್ರವೇ: ಸೈನ್ (ಥೀಟಾ + ಆಲ್ಫಾ) = ಸೈನ್ ಥೀಟಾ ಕಾಸ್ ಆಲ್ಫಾ + ಕಾಸ್ ಥೀಟಾ ಸೈನ್ ಆಲ್ಫಾ. ಉತ್ತರ 13 ಸೈನ್ (ಥೀಟಾ + ಆಲ್ಫಾ). ಥೀಟಾ 22.6 ಡಿಗ್ರಿ ಇದ್ದಾಗ 13 ಸಿಗುತ್ತದೆ. ಗರಿಷ್ಠ ಬೆಲೆ ಮಾತ್ರ ಕೇಳಿದ್ದರೆ ಆಲ್ಫಾ ಹುಡುಕುತ್ತಾ ಸುಮ್ನೆ ಟೈಮ್ ಕಳೆಯಬೇಡಿ. 80 ನಿಮಿಷಕ್ಕೆ 60 ಪ್ರಶ್ನೆ ಇವೆ.

ಜಾಸ್ತಿ ಜನ ಎಡವುವುದು ಮೈನಸ್ ಬಂದಾಗ. −3 ಸೈನ್ ಥೀಟಾ + 4 ಕಾಸ್ ಥೀಟಾ ತಗೊಳ್ಳಿ. ಟ್ಯಾನ್ ಆಲ್ಫಾ −4/3 ಎಂದು ಕ್ಯಾಲ್ಕುಲೇಟರ್‌ಗೆ ಹಾಕಿದರೆ −53.1 ಡಿಗ್ರಿ ತೋರಿಸುತ್ತದೆ. ಅದು ತಪ್ಪು. ಕಾಸ್ ಋಣ, ಸೈನ್ ಧನ, ಅಂದರೆ ಎರಡನೇ ಚತುರ್ಥಕ. ಸರಿಯಾದ ಆಲ್ಫಾ 126.9 ಡಿಗ್ರಿ. ಇಲ್ಲಿ ಹೊರಗೆ ಬರುವುದು 5, ಹಾಗಾಗಿ 5 ಸೈನ್ (ಥೀಟಾ + ಆಲ್ಫಾ)ದಲ್ಲಿ ಥೀಟಾಗೆ ಸೊನ್ನೆ ಹಾಕಿ ನೋಡಿ: 4 ಬರಬೇಕು, −4 ಬಂದರೆ ಕೋನ ಕೆಟ್ಟಿದೆ.

ಅಂದಹಾಗೆ, ಸೈನ್ 2ಥೀಟಾ + ಕಾಸ್ 3ಥೀಟಾ ಥರದ್ದಕ್ಕೆ ಈ ದಾರಿ ನಡೆಯಲ್ಲ. ಎರಡರಲ್ಲೂ ಕೋನ ಒಂದೇ ಇರಬೇಕು.